ಪಾವಾತ್ತಾ ತಲೆ ಅಲ್ಲಾಡಿದ್ದನ್ನು ಕಂಡವರು

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಪೊಳ್ಳಾಚಿಯ ಈ ಟ್ರಸ್ಟ್ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಸ್ಕ್ಯಾನ್ ಟೆಕ್ನಿಷಿಯನ್ ತವಮಣಿ ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಿದ್ದಾರೆ. ಪ್ಲಾಸ್ಟಿಕ್ ಗುಂಡಿ. ಕಬ್ಬಿಣದ ಗುಂಡಿಯಾಗಿದ್ದರೆ ಒಳಗಿರುವ ಎಂಆರ್‌ಐ ಯಂತ್ರ ಸ್ವೆಟರನ್ನೇ ಹಿಡಿದು ಎಳೆಯುತ್ತದೆ. ಹೊರಗೆ ತಮಿಳರ ಆಡಿ ತಿಂಗಳ, ಅಂದರೆ ನಮ್ಮ ಆಷಾಢದ, ಗಾಳಿ ಬೀಸುತ್ತಿದೆ, ಆದರೂ ಸೆಕೆ ಹೋಗಿಲ್ಲ. ಒಳಗೆ ಯಂತ್ರಕ್ಕೆ ಚಳಿ ಬೇಕು, ಆದ್ದರಿಂದ ಇಪ್ಪತ್ತಮೂರು ವರ್ಷದಿಂದ ಈ ಹೆಂಗಸೂ ಚಳಿಯಲ್ಲೇ ಇದ್ದಾರೆ. ಮೇಜಿನ ಮೇಲೆ, ಕಂಪ್ಯೂಟರಿನ ಪಕ್ಕದಲ್ಲಿ, ಜುಟ್ಟು ಬಿಟ್ಟ ಎರಡು ತೆಂಗಿನಕಾಯಿ ಕೂತಿವೆ. ಪೂಜೆಗಲ್ಲ, ಚಟ್ನಿಗೂ ಅಲ್ಲ. ಅವುಗಳ ವಿಷಯ ಆಮೇಲೆ ಹೇಳುತ್ತೇನೆ.

ಇವತ್ತಿನ ಮೊದಲ ರೋಗಿ ನಿವೃತ್ತ ಮೇಷ್ಟ್ರೊಬ್ಬರ ಹೆಂಡತಿ. ವಯಸ್ಸು ಅರವತ್ತೆಂಟು. ಮಧ್ಯಾಹ್ನ ಉಂಡದ್ದು ಸಂಜೆಗೆ ಮರೆಯುತ್ತಾರೆ. ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು ಎಂದ ಕೂಡಲೇ ಎರಡೂ ಕೈಯಲ್ಲಿ ತಾಳಿ ಹಿಡಿದುಕೊಂಡು ನಿಂತುಬಿಡುತ್ತಾರೆ.

"ಈ ಮನುಷ್ಯ ಇಲ್ಲೇ ಗುಂಡುಕಲ್ಲಿನ ಹಾಗೆ ನಿಂತಿದ್ದಾರೆ. ನಾನ್ಯಾಕೆ ತೆಗೀಲಿ?"

"ತೆಗೀರಿ ಅಂತ ಯಾರಂದ್ರು ಆತ್ತಾ? ಮೊದಲು ಇದನ್ನ ಕಟ್ಟಿಸ್ಕೊಳ್ಳಿ. ಕುತ್ತಿಗೆ ಒಂದು ಗಳಿಗೆನೂ ಬರಿದಾಗಲ್ಲ" ಎನ್ನುತ್ತ ತವಮಣಿ, ಹಿರಿಯ ಹೆಂಗಸರನ್ನೆಲ್ಲ ಆತ್ತಾ, ಅಂದರೆ ಅಮ್ಮ, ಎಂದೇ ಕರೆಯುವವರು, ಡ್ರಾಯರ್ ಎಳೆಯುತ್ತಾರೆ. ಅದರಲ್ಲಿ ಅರಿಸಿನದ ಕೊಂಬು ಕಟ್ಟಿದ ಹಳದಿ ದಾರಗಳು ಸಾಲಾಗಿವೆ. ಪ್ರತಿ ಭಾನುವಾರ ಮನೆಯಲ್ಲಿ ಕೂತು ಹತ್ತಿಪ್ಪತ್ತು ದಾರ ತಾವೇ ಕಟ್ಟಿಕೊಂಡು ಬರುತ್ತಾರೆ. "ಬನ್ನಿ ಸಾರ್, ಇನ್ನೊಂದು ಸಲ ಮೂರು ಗಂಟು ಹಾಕಿ. ಪುರೋಹಿತರಿಲ್ಲ, ನಾನೇ ಇದೀನಿ."

ಮೇಷ್ಟ್ರು ಗಂಟು ಹಾಕುತ್ತಾರೆ. ಕೈ ನಡುಗುತ್ತದೆ. "ಆವತ್ತೂ ಹೀಗೇ ನಡುಗಿತ್ತು ನಿಮ್ಮ ಕೈ" ಎನ್ನುತ್ತಾರೆ ಹೆಂಡತಿ. ಮಧ್ಯಾಹ್ನದ ಊಟ ಮರೆಯುವವರಿಗೆ ಅದು ನೆನಪಿದೆ. ಚಿನ್ನದ ತಾಳಿಸರ ಈಗ ತಕರಾರಿಲ್ಲದೆ ಇಳಿಯುತ್ತದೆ, ಜೊತೆಗೆ ಅದಕ್ಕೆ ಸಿಕ್ಕಿಸಿದ್ದ ನಾಲ್ಕು ಸೇಫ್ಟಿ ಪಿನ್ನೂ ಇಳಿಯುತ್ತವೆ. "ಚಿನ್ನ ಸಾಧು ಅಣ್ಣಾ, ಅದರ ಪಾಡಿಗೆ ಇರುತ್ತೆ" ಎಂದು, ಇವರ ಬಗ್ಗೆ ಬರೆಯಲು ಬಂದಿರುವ ನನಗೆ ಹೇಳುತ್ತಾರೆ ತವಮಣಿ. "ಈ ಪಿನ್ನುಗಳೇ ರೌಡಿಗಳು. ಒಂದು ಒಳಗೆ ಹೋದ್ರೂ ಮುಖಕ್ಕೇ ಹಾರುತ್ತೆ."

ಈ ಕೆಲಸವನ್ನು ಇಷ್ಟು ಬೆಳಿಗ್ಗೆ ಏಕೆ ಮಾಡಬೇಕು? ಮರೆವಿನ ರೋಗಿಗಳು ಬೆಳಿಗ್ಗೆ ಸಮಾಧಾನದಲ್ಲಿರುತ್ತಾರೆ. ಹೊತ್ತು ಇಳಿಯುತ್ತ ಬಂದಂತೆ ಅವರಿಗೆ ಗಾಬರಿ, ಸಿಡುಕು, ಮನೆಗೆ ಹೋಗಬೇಕೆಂಬ ಹಟ ಹೆಚ್ಚುತ್ತದೆ. ಮನೆಯಲ್ಲಿ ಇಂಥವರನ್ನು ಇಟ್ಟುಕೊಂಡ ಯಾರನ್ನು ಕೇಳಿದರೂ ಇದನ್ನು ಹೇಳುತ್ತಾರೆ. ಆದರೆ ಆಸ್ಪತ್ರೆಯ ಆಡಳಿತದವರಿಗೆ ಹೇಳಿ ನೋಡಿ! ಸೊಂಟನೋವಿನವರಿಗೆ, ಮಂಡಿನೋವಿನವರಿಗೆ ಹಗಲಿನ ಹೊತ್ತು. ಮರೆವಿನ ಮುದುಕರನ್ನು ಸಂಜೆ ಏಳರ ಮೇಲೆ ತಳ್ಳುತ್ತಾರೆ. ಹೇಗೂ ಮರೆಯುವವರು, ಕಾದದ್ದೂ ಮರೆತುಹೋಗುತ್ತದೆ ಎಂಬ ಲೆಕ್ಕಾಚಾರವಿರಬೇಕು. ತವಮಣಿ ಮೂರು ವರ್ಷ ಅರ್ಜಿ ಬರೆದರು. ಕೊನೆಗೆ ಮೇನೇಜರ್ ಹೇಳಿದ್ದು ಇಷ್ಟು: "ನಿಮ್ಮ ಪಾಳಿ ಶುರುವಾಗೋದು ಎಂಟಕ್ಕೆ. ಅದಕ್ಕೆ ಮೊದಲು ಬಂದು ಮಾಡ್ತೀನಂದ್ರೆ ನಾನು ಬೇಡ ಅನ್ನಲ್ಲ." ಮಹಾ ಉಪಕಾರ! ಅಂದಿನಿಂದ ಅವರು ಆನೈಮಲೆಯ ಮನೆಯನ್ನು ನಾಲ್ಕಕ್ಕೆ ಬಿಡುತ್ತಾರೆ, ಮೊದಲ ಬಸ್ಸು ಹಿಡಿಯುತ್ತಾರೆ.

ಅವರಿಗೀಗ ಐವತ್ತೊಂದು. ಅಪ್ಪ ತೆಂಗಿನ ಮರ ಹತ್ತುತ್ತಿದ್ದರು, ಅಮ್ಮ ಕಳದಲ್ಲಿ ಕಾಯಿ ಸುಲಿಯುತ್ತಿದ್ದರು. ಇಲ್ಲಿ ಕಳ ಎಂದರೆ ತೋಟದ ಕಾಯಿಯನ್ನೆಲ್ಲ ತಂದು ಸುರಿದು, ಸುಲಿದು, ಎಣಿಸಿ, ಲಾರಿಗೆ ತುಂಬುವ ಬಯಲು. ತವಮಣಿ ಮಗುವಾಗಿದ್ದಾಗ ಸಿಪ್ಪೆಯ ರಾಶಿಯ ಮೇಲೆಯೇ ಮಲಗಿದವರು. ಹತ್ತನೆಯ ತರಗತಿಯ ನಂತರ ಎಕ್ಸ್-ರೇ ತರಬೇತಿ ಮುಗಿಸಿದರು. ಈ ದೊಡ್ಡ ಯಂತ್ರ ಬಂದಾಗ ಅದನ್ನು ನಡೆಸಲು ಕಲಿಸಲೆಂದು ಬಂದ ಕಂಪನಿಯವನು ನಾಲ್ಕೇ ದಿನ ಇದ್ದು ಹೋದ. ಉಳಿದದ್ದನ್ನು ಅವರೇ ಕಲಿತರು. ಯಂತ್ರದ ಬಡಿತ ಕೇಳಿ ಕೇಳಿ ಎಡಗಿವಿಯಲ್ಲಿ ಸದಾ ಒಂದು ಗುಂಯ್ ಸದ್ದು. ಮುದುಕರನ್ನು ಎತ್ತಿ ಮಲಗಿಸಿ ಮಲಗಿಸಿ ಸೊಂಟ ಹೋಗಿದೆ. ದಿನಕ್ಕೆ ಇಪ್ಪತ್ತಾರು ಸ್ಕ್ಯಾನು, ಅದರಲ್ಲಿ ಬೆಳಗಿನ ನಾಲ್ಕು ಮರೆವಿನವು. ಆ ನಾಲ್ಕಕ್ಕೆ ಒಂದೊಂದಕ್ಕೂ ನಲವತ್ತು ನಿಮಿಷ.

ಆಯುಧಪೂಜೆಯ ದಿನ ಯಂತ್ರಕ್ಕೆ ಆಳೆತ್ತರದ ಸೇವಂತಿಗೆ ಹಾರ ಬೀಳುತ್ತದೆ. ಡಾಕ್ಟರ ಹೆಸರು ಗೇಟಿನ ಬೋರ್ಡಿನ ಮೇಲಿದೆ. ತವಮಣಿಯವರ ಹೆಸರನ್ನು ಹುಡುಕಿದೆ. ಪಾಳಿಯ ಪಟ್ಟಿಯಲ್ಲಿ ಸಿಕ್ಕಿತು, ಅಲ್ಲೂ ತಪ್ಪಾಗಿ ಬರೆದಿದ್ದಾರೆ.

ಸ್ಕ್ಯಾನ್ ಮಾಡಿಸಲು ಬಂದ ಮನೆಯವರದ್ದು ಇನ್ನೊಂದು ಕಥೆ. "ಮರೆವು ಎಲ್ಲಿದೆ ತೋರ್ಸಮ್ಮ" ಎಂದು ಪರದೆಯ ಮುಂದೆ ಬಂದು ನಿಲ್ಲುತ್ತಾರೆ, ಕಾಲಿಗೆ ಚುಚ್ಚಿದ ಮುಳ್ಳನ್ನು ತೋರಿಸು ಎನ್ನುವವರ ಹಾಗೆ. ತವಮಣಿ ಬೇಸರವಿಲ್ಲದೆ ಹೇಳುತ್ತಾರೆ: "ಕಿವಿಯ ನೇರಕ್ಕೆ ಒಳಗೆ ಹೋದ್ರೆ, ಎರಡೂ ಕಡೆ, ಕಿರುಬೆರಳಿನಷ್ಟು ಒಂದೊಂದು ಭಾಗ ಇದೆ. ಹೊಸದನ್ನ ನೆನಪಿಟ್ಟುಕೊಳ್ಳೋ ಕೆಲಸ ಅದರದ್ದು. ಆಲ್ಝೈಮರ್ ಬಂದವರಿಗೆ ಅದು ಬೇಗ ಬೇಗ ಸವೆಯುತ್ತೆ. ಚಿತ್ರದಲ್ಲಿ ಅದರ ಅಳತೆ ಸಿಗುತ್ತೆ, ಅಷ್ಟೇ. ಚಿತ್ರ ಒಂದನ್ನೇ ನೋಡಿ ಯಾರೂ ತೀರ್ಪು ಕೊಡಬಾರದು. ರಕ್ತ ಪರೀಕ್ಷೆ ಆಗಬೇಕು, ಮಾತಾಡಿಸಿ ನೋಡಬೇಕು."

ಕೊಡಬಾರದು, ಸರಿ. ಆದರೆ ಕೊಡುತ್ತಾರೆ. ಈಗ ಕಂಪ್ಯೂಟರೇ ಅಳೆಯುತ್ತದೆ. ಅದೇ ವಯಸ್ಸಿನ ನೂರು ಮಂದಿಯನ್ನು ಸಾಲಾಗಿ ನಿಲ್ಲಿಸಿದರೆ ನಿಮ್ಮ ತಲೆ ಎಷ್ಟನೆಯದು ಎಂದು ಒಂದು ಅಂಕಿ ಕೊಡುತ್ತದೆ. ಅಂಕಿ ಚಿಕ್ಕದಾದಷ್ಟೂ ಸವೆತ ಹೆಚ್ಚು; ತೀರ ಚಿಕ್ಕದಾದರೆ ಅದು ಕೆಂಪಕ್ಷರದಲ್ಲಿ ಬರುತ್ತದೆ. ಆ ನೂರು ಮಂದಿ ಯಾರು, ಯಾವ ದೇಶದವರು ಎಂದು ಕೇಳಿದೆ. ಯಾರಿಗೂ ಗೊತ್ತಿಲ್ಲ. ಮಲಗಿದವರು ತಲೆಯನ್ನು ಅಕ್ಕಿಕಾಳಿನ ಅರ್ಧದಷ್ಟು ಅಲ್ಲಾಡಿಸಿದರೂ ಚಿತ್ರದ ಅಂಚು ಮಸುಕಾಗುತ್ತದೆ. ಮಸುಕಾದ ಅಂಚನ್ನು ಕಂಪ್ಯೂಟರು ಸವೆದ ಅಂಚು ಎಂದೇ ಓದುತ್ತದೆ. ಅದಕ್ಕೇನು, ಅದರ ಕೆಲಸ ಹೋಗುವುದಿಲ್ಲವಲ್ಲ.

ಹೋಗಲಿದ್ದದ್ದು ಪಾವಾತ್ತಾ ಅವರ ಕೆಲಸ.

ಕಳೆದ ವರ್ಷದ ಆಡಿ ತಿಂಗಳು. ಪಾವಾತ್ತಾಗೆ ಆಗ ಎಪ್ಪತ್ತೊಂದು. ಐವತ್ತು ವರ್ಷದಿಂದ ತೆಂಗಿನ ಕಳದಲ್ಲಿ ಕಾಯಿ ಎಣಿಸುವವರು. ಎಣಿಸುವುದೆಂದರೆ ಇಲ್ಲಿ ದೊಡ್ಡ ಸ್ಥಾನ. ಕೈಗೆರಡರಂತೆ ನಾಲ್ಕು ಕಾಯಿ ಎತ್ತಿ, ಲಾರಿಯ ಕಡೆ ಎಸೆಯುವಾಗ ಒಂದು ಎಣಿಕೆ. ಹೀಗೆ ನೂರು ಎಣಿಕೆಯಾದ ಮೇಲೆ ಗುರುತಿಗೆಂದು ಒಂದು ಕಾಯಿಯನ್ನು ಪಕ್ಕಕ್ಕೆ ಇಡಬೇಕು. ಕೊಡುವವನೂ ಕೊಳ್ಳುವವನೂ ಪಾವಾತ್ತಾ ಬಾಯಿಂದ ಬಂದ ಎಣಿಕೆಯನ್ನು ಮರುಮಾತಿಲ್ಲದೆ ಒಪ್ಪುತ್ತಿದ್ದರು. ಆ ತಿಂಗಳು ಅವರು ಎರಡು ಸಲ ಗುರುತಿನ ಕಾಯಿ ಇಡುವುದನ್ನು ಮರೆತರು. ಕಳದ ಯಜಮಾನ ಮೌನಗುರು, ಹೆಸರಿಗೆ ಮಾತ್ರ ಮೌನ, ಎಲ್ಲರೆದುರಿಗೆ ಕೂಗಾಡಿದ. "ಡಾಕ್ಟರ ಹತ್ರ ಕಾಗದ ತಗೊಂಡು ಬಾ ಆತ್ತಾ. ತಲೆ ಸರಿಯಿದ್ರೆ ಎಣಿಸು, ಇಲ್ದಿದ್ರೆ ಮನೇಲಿರು."

ಮಗಳು ದೈವಾನೈ ಅಮ್ಮನನ್ನು ಕರೆತಂದಳು. ಮಾತಿನ ಪರೀಕ್ಷೆ ಮಾಡಿದ್ದು ಚೆನ್ನೈಯಿಂದ ಹೊಸದಾಗಿ ಬಂದ ಒಬ್ಬ ಮಹಾಶಯ. ಇವತ್ತು ತಾರೀಖು ಎಷ್ಟು ಎಂದು ಕೇಳಿದ. "ಆಡಿ ಹತ್ತೊಂಬತ್ತು" ಎಂದರು ಪಾವಾತ್ತಾ. ಅದು ಸರಿಯೇ. ಇಂಗ್ಲಿಷ್ ತಾರೀಖು ಬೇಕಿದ್ದ ಅವನು ತಪ್ಪು ಎಂದು ಗೀಚಿದ. ಒಂದರಿಂದ ಇಪ್ಪತ್ತು ಎಣಿಸಿ ಎಂದ. "ಲಾಭ, ಎರಡು, ಮೂರು..." ಎಂದು ಅವರು ಶುರುಮಾಡಿದರು. ಕಾಳು ಅಳೆಯುವವರು, ಕಾಯಿ ಎಣಿಸುವವರು ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಇದು ಗೊತ್ತಿಲ್ಲದವನು ಈ ಊರಿನಲ್ಲಿ ಕೂತು ಜನರ ತಲೆ ಅಳೆಯುತ್ತಾನೆ! "ಎಣಿಕೆ ಬರುವುದಿಲ್ಲ" ಎಂದು ಬರೆದ. ಬೆಳಗಿನವರೆಗೆ ಕಾಯದೆ ಆ ರಾತ್ರಿಯೇ ಎಂಟರ ಹೊತ್ತಿಗೆ ಸ್ಕ್ಯಾನ್ ಆಯಿತು. ಕೆಂಪಕ್ಷರ ಬಂತು: ನೂರರಲ್ಲಿ ನಾಲ್ಕು. ಕೆಳಗೆ, ಆಲ್ಝೈಮರ್ ಇರಬಹುದು ಎಂಬ ಸಾಲು.

ಹಿಂದಿನ ಸಂಜೆಯ ಚಿತ್ರಗಳನ್ನು ಬೆಳಿಗ್ಗೆ ಒಮ್ಮೆ ನೋಡುವುದು ತವಮಣಿಯವರ ಅಭ್ಯಾಸ. ಅದನ್ನು ಅವರಿಗೆ ಯಾರೂ ಹೇಳಿಲ್ಲ. ಪಾವಾತ್ತಾ ಚಿತ್ರದಲ್ಲಿ, ಕೆರೆಗೆ ಕಲ್ಲು ಹಾಕಿದರೆ ಏಳುವಂಥ ಸಣ್ಣ ಸಣ್ಣ ಅಲೆಗಳು. ಒಂದರಿಂದ ಒಂದಕ್ಕೆ ಸಮ ದೂರ. ಸಂಜೆ ಪಾಳಿಯ ಟೆಕ್ನಿಷಿಯನ್‌ಗೆ ಫೋನ್ ಮಾಡಿದರು. "ಅಕ್ಕಾ, ಆ ಅಜ್ಜಿ ಕಲ್ಲಿನ ಹಾಗೆ ಮಲಗಿತ್ತು. ಒಂದು ಸಲ ಕೆಮ್ಮಲೂ ಇಲ್ಲ" ಎಂದ ಆತ.

"ಕೆಮ್ಮಿದ್ರೆ, ಹೊರಳಿದ್ರೆ ಚಿತ್ರ ಬೇರೆ ಥರ ಕೆಡುತ್ತೆ ಅಣ್ಣಾ" ಎಂದು ನನಗೆ ವಿವರಿಸುತ್ತಾರೆ ತವಮಣಿ. "ಇದು ತಾಳ ಹಾಕಿದಂಗಿತ್ತು. ಯಾರೋ ಲೆಕ್ಕವಾಗಿ ಅಲ್ಲಾಡಿದ್ದಾರೆ ಅಂತ ಗೊತ್ತಾಯ್ತು. ಯಾಕೆ ಅಂತ ಮಾತ್ರ ಗೊತ್ತಾಗ್ಲಿಲ್ಲ."

ಹತ್ತು ಗಂಟೆಗೆ ಮೇಲಿನ ಮಹಡಿಗೆ ಹೋದರೆ ಡಾಕ್ಟರ ಕೋಣೆಯ ಹೊರಗೆ ಪಾವಾತ್ತಾ ಕೂತಿದ್ದಾರೆ, ಮಗಳು ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಕಿಟಕಿಯಾಚೆ ಹೊಸ ಕಟ್ಟಡಕ್ಕೆ ಯಾರೋ ಕಲ್ಲು ಒಡೆಯುತ್ತಿದ್ದಾರೆ. ಒಂದೊಂದು ಏಟಿಗೂ ಪಾವಾತ್ತಾ ಗಲ್ಲ ಕೂದಲೆಳೆಯಷ್ಟು ಕೆಳಗಿಳಿದು ಮೇಲೇಳುತ್ತದೆ. ತುಟಿ ಆಡುತ್ತದೆ.

"ಆತ್ತಾ, ಏನು ಎಣಿಸ್ತಿದೀರಿ?"

"ಅವನು ಹೊಡೀತಿದಾನಲ್ಲ ಕಣ್ಣು, ಅದನ್ನ." ಇಲ್ಲಿಯವರು ಅಕ್ಕರೆಯಿಂದ ಕರೆಯುವುದು ಹೀಗೆ, ಕಣ್ಣು ಎಂದು.

"ನಿನ್ನೆ ಆ ಗುಹೆ ಒಳಗೂ ಎಣಿಸಿದ್ರಾ?"

"ಅದೇನು ಬಡಿತಮ್ಮಾ ನಿಮ್ಮ ಪೆಟ್ಟಿಗೆದು! ಸಾವಿರದ ಇನ್ನೂರ ನಲವತ್ತರ ತನಕ ಎಣಿಸ್ದೆ. ನಡುವೆ ಎರಡು ಸಲ ನಿಂತಿತು. ಆಮೇಲೆ ಸದ್ದು ಒಂದರ ಮೇಲೊಂದು ಬಿತ್ತು, ಬಿಟ್ಟುಬಿಟ್ಟೆ. ಕಳದಲ್ಲಿ ಹಂಗೆ ಗಡಿಬಿಡಿ ಎಸೆದ್ರೆ ನಾನು ಕೈ ಮುರೀತೀನಿ."

ತವಮಣಿ ನೇರವಾಗಿ ಡಾ. ಇಳಂಪರಿದಿ ಅವರ ಕೋಣೆಗೆ ನುಗ್ಗುತ್ತಾರೆ. ಟೆಕ್ನಿಷಿಯನ್‌ಗಳು ಹಾಗೆ ನುಗ್ಗುವ ಪದ್ಧತಿಯಿಲ್ಲ. ಡಾಕ್ಟರು ಮೌನಗುರುವಿಗೆ ಕೊಡುವ ಕಾಗದಕ್ಕೆ ಸಹಿ ಹಾಕಲು ಪೆನ್ನು ತೆರೆದಿದ್ದಾರೆ.

"ಸಾರ್, ಸಹಿ ಹಾಕ್ಬೇಡಿ. ಚಿತ್ರ ಕೆಟ್ಟಿದೆ. ಇನ್ನೊಂದು ಸಲ ತೆಗೀಬೇಕು."

"ತವಮಣಿ, ಮಾತಿನ ಪರೀಕ್ಷೇಲೂ ಎಣಿಕೆ ತಪ್ಪಿದೆಯಲ್ಲಮ್ಮ."

"ಸಾವಿರದ ಇನ್ನೂರ ನಲವತ್ತರ ತನಕ ಎಣಿಸಿದ್ದಾರೆ ಸಾರ್. ನಾನು ದಿನಾ ಅದರ ಪಕ್ಕದಲ್ಲೇ ಕೂತಿರ್ತೀನಿ, ನೂರರ ತನಕ ಎಣಿಸಿಲ್ಲ. ನೀವು ಎಣಿಸಿದ್ದೀರಾ?"

ಡಾಕ್ಟರು ಒಳ್ಳೆಯವರು. ಸಿಟ್ಟು ಮಾಡಲಿಲ್ಲ. ಆದರೆ ಒಂದು ಮಾತು ಹೇಳಿದರು. ಐವತ್ತು ವರ್ಷ ಮಾಡಿದ ಕೆಲಸ ಕೊನೆಯವರೆಗೂ ಕೈಯಲ್ಲಿ ಉಳಿಯಬಹುದು, ಎಣಿಸಿದರು ಎಂದ ಮಾತ್ರಕ್ಕೆ ರೋಗವಿಲ್ಲ ಎನ್ನುವಂತಿಲ್ಲ. ಮಾತು ನಿಜ. ತವಮಣಿಯೂ ಒಪ್ಪಿದರು. "ಇದೆಯೋ ಇಲ್ವೋ ನನಗೆ ಗೊತ್ತಿಲ್ಲ ಸಾರ್. ಈ ಚಿತ್ರಕ್ಕೂ ಗೊತ್ತಿಲ್ಲ ಅಂತ ಮಾತ್ರ ಗೊತ್ತು." ಡಾಕ್ಟರು ಪೆನ್ನು ಮುಚ್ಚಿದರು.

ಮರುದಿನ ಬೆಳಿಗ್ಗೆ ಐದಕ್ಕೆ ಪಾವಾತ್ತಾ ಮತ್ತೆ ಯಂತ್ರದೊಳಗೆ.

"ಎಣಿಸ್ಬೇಡಿ ಆತ್ತಾ."

"ಆಗ್ಲಿ ಕಣ್ಣು."

ಎರಡು ನಿಮಿಷಕ್ಕೆ ಅಲೆಗಳು ಬಂದವು. ನಿಲ್ಲಿಸಿ ಹೊರಗೆಳೆದರು. "ಎಣಿಸಿದ್ರಿ." "ಎಲ್ಲಿ ಎಣಿಸ್ದೆ?" "ಎಣಿಸಿದ್ರಿ ಆತ್ತಾ, ಇಲ್ಲಿ ಕಾಣಿಸ್ತಿದೆ." "ಅಯ್ಯೋ, ಅದು ತಾನಾಗೇ ಆಗುತ್ತಮ್ಮ. ಸದ್ದು ಬಂದ್ರೆ ಎಣಿಕೆ ಬರುತ್ತೆ. ಉಸಿರಾಡ್ಬೇಡ ಅಂದ್ರೆ ಹೆಂಗೆ?" ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಕಿವಿಗೆ ಇನ್ನಷ್ಟು ಹತ್ತಿ ತುರುಕಿದರೂ ಅಲೆ ನಿಲ್ಲಲಿಲ್ಲ. ಮುದುಕಿಗೆ ಸಿಟ್ಟು ಬಂತು, ಮನೆಗೆ ಹೋಗುತ್ತೇನೆಂದು ಎದ್ದು ಕೂತರು. ಮಲಗಿಸಲು ಮದ್ದು ಕೊಡೋಣವೆಂದರೆ ಉಸಿರಿನ ತೊಂದರೆ ಇದ್ದ ಮನುಷ್ಯ, ಡಾಕ್ಟರು ಬೇಡವೆಂದಿದ್ದರು. ಎಂಟಕ್ಕೆ ಸೊಂಟನೋವಿನವರ ಸಾಲು ಶುರುವಾಗುತ್ತದೆ. ಆಮೇಲೆ ಯಾವ ದೇವರು ಬಂದು ಹೇಳಿದರೂ ಯಂತ್ರ ಸಿಗುವುದಿಲ್ಲ.

ಆಗ ತವಮಣಿಗೆ ನೆನಪಾದದ್ದು ತಾವು ಮಲಗಿ ಬೆಳೆದ ಸಿಪ್ಪೆಯ ರಾಶಿ. ಕಳದಲ್ಲಿ ಎಣಿಕೆ ಯಾವಾಗ? ಕಾಯಿ ಕೈಬಿಟ್ಟಾಗ. ಕಾಯಿ ಕೈಯಲ್ಲಿದ್ದಾಗ ಎಣಿಸುವವರು ಬಾಯಿ ತೆರೆಯುವುದಿಲ್ಲ, ತಲೆ ಆಡಿಸುವುದಿಲ್ಲ. ಲಾರಿಯ ಮೇಲಿನವನು ಚಾಚಿದ ಕೈ ಹಿಂದಕ್ಕೆ ತೆಗೆದರೆ ಹಾಗೇ ಕಾಯುತ್ತಾರೆ. ಎಷ್ಟೇ ಹೊತ್ತಾಗಲಿ.

ತವಮಣಿ ಮೆಟ್ಟಿಲು ಹತ್ತಿ ಗೇಟಿಗೆ ಓಡಿದರು. ಅಲ್ಲಿ ಪಿಳ್ಳೈಯಾರ್, ಅಂದರೆ ಗಣಪತಿಯ, ಗುಡಿಯಿದೆ. ಹೂವಿನಾಕೆ ಈಡುಗಾಯಿಗೆಂದು ಇಟ್ಟುಕೊಂಡಿದ್ದ ಕಾಯಿಗಳಲ್ಲಿ ಎರಡನ್ನು ಎತ್ತಿಕೊಂಡರು. "ಏ ಅಮ್ಮಣಿ, ದೇವರ ಕಾಯಿ ಎಲ್ಲಿಗೆ?" "ದೇವರಿಗೆ ಹೇಳು, ಅರ್ಧ ಗಂಟೇಲಿ ವಾಪಸ್ ಕೊಡ್ತೀನಿ."

ಪಾವಾತ್ತಾ ಅವರ ಎರಡೂ ಕೈಗೆ ಒಂದೊಂದು ಕಾಯಿ ಇಟ್ಟರು. "ಆತ್ತಾ, ಲಾರಿ ಮೇಲಿನವನು ನಿಲ್ಲಿ ಅಂದಿದಾನೆ. ನಾನು ಹೇಳೋ ತನಕ ಕಾಯಿ ಬಿಡ್ಬೇಡಿ." ಮುದುಕಿ ಕಾಯಿಯನ್ನು ಒಮ್ಮೆ ಕುಲುಕಿ ನೋಡಿ, "ನೀರು ಕಮ್ಮಿ, ಹಳೇ ಕಾಯಿ" ಎಂದು ತೀರ್ಪು ಕೊಟ್ಟು ಮಲಗಿದರು. ಯಂತ್ರ ಬಡಿಯಿತು. ಮುಖ್ಯವಾದ ಚಿತ್ರಕ್ಕೆ ಎಂಟು ನಿಮಿಷ ಬೇಕು. ಎಂಟು ನಿಮಿಷವೂ ಪರದೆಯ ಮೇಲೆ ಒಂದು ಅಲೆ ಏಳಲಿಲ್ಲ.

ಅಷ್ಟರಲ್ಲಿ ಮೇನೇಜರ್ ಇಳಿದು ಬಂದ. ಗಾಜಿನಾಚೆ ನೋಡಿ ಬೆಚ್ಚಿದ. "ಸ್ಕ್ಯಾನ್ ರೂಮಲ್ಲಿ ತೆಂಗಿನಕಾಯಿ ಯಾಕಮ್ಮ?" ತವಮಣಿ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು: "ಇವು ಎಂಟಕ್ಕೆ ಮುಂಚೆ ಬಂದ ಕಾಯಿ ಸಾರ್. ನಿಮ್ಮ ಪಾಳಿಗೆ ಸೇರಲ್ಲ."

ಹೊಸ ಅಂಕಿ ಇಪ್ಪತ್ತೆರಡು. ನಾಲ್ಕಲ್ಲ, ಇಪ್ಪತ್ತೆರಡು. ಕೆಂಪಕ್ಷರವಿಲ್ಲ. ಡಾ. ಇಳಂಪರಿದಿ ತಾವೇ ಕೂತು ಮಾತಿನ ಪರೀಕ್ಷೆಯನ್ನು ಮತ್ತೆ ಮಾಡಿದರು. ಲಾಭಕ್ಕೆ ಅಂಕ ಕೊಟ್ಟರು. ಆಡಿ ತಿಂಗಳಿಗೂ ಕೊಟ್ಟರು. ಆದರೂ ಹೊಸದಾಗಿ ಹೇಳಿದ ಐದು ಮಾತುಗಳಲ್ಲಿ ಸ್ವಲ್ಪ ಹೊತ್ತಿನ ಮೇಲೆ ಪಾವಾತ್ತಾಗೆ ನೆನಪಿದ್ದದ್ದು ಎರಡೇ. ನೆನಪಿನಲ್ಲಿ ಸಣ್ಣ ಕುಂದಿದೆ, ಇದು ಆಲ್ಝೈಮರ್ ಅಲ್ಲ, ಮುಂದೆ ಆಗಲೂಬಹುದು, ಆಗದೆಯೂ ಇರಬಹುದು, ವರ್ಷಕ್ಕೊಮ್ಮೆ ನೋಡೋಣ ಎಂದರು. ಮೌನಗುರುವಿಗೆ ಬೇರೆ ಕಾಗದ ಹೋಯಿತು: ಕೆಲಸ ಬಿಡಿಸುವ ಅಗತ್ಯವಿಲ್ಲ, ನೂರರ ಗುರುತು ಇಡಲು ಪಕ್ಕದಲ್ಲಿ ಇನ್ನೊಬ್ಬರಿರಲಿ. ಈಗ ಗುರುತಿನ ಕಾಯಿ ಇಡುವವಳು ದೈವಾನೈ. ಎಣಿಸುವವರು ಪಾವಾತ್ತಾ.

ಆ ಬೆಳಿಗ್ಗೆ ತವಮಣಿ ಹಿಂದಿನ ಸಂಜೆಯ ಚಿತ್ರವನ್ನು ನೋಡದಿದ್ದರೆ? ಈ ಪ್ರಶ್ನೆಯನ್ನು ನಾನು ಆಸ್ಪತ್ರೆಯಲ್ಲಿ ಮೂವರಿಗೆ ಕೇಳಿದೆ. ಮೂವರೂ ಯಂತ್ರ ಎಷ್ಟು ಒಳ್ಳೆಯದು ಎಂದು ಹೇಳಿದರು.

ಇವತ್ತು ಮತ್ತೆ ಆಡಿ. ಮೇಷ್ಟ್ರ ಹೆಂಡತಿ ಕುತ್ತಿಗೆಯಲ್ಲಿ ಎರಡು ತಾಳಿ ಹಾಕಿಕೊಂಡು, ಹಳದಿ ದಾರವನ್ನು ಬಿಚ್ಚಲು ಒಪ್ಪದೆ ಮನೆಗೆ ಹೋಗಿದ್ದಾರೆ. ಆರು ಗಂಟೆಗೆ ಬರುವವರು ಪಾವಾತ್ತಾ, ವರ್ಷದ ಸ್ಕ್ಯಾನಿಗೆ. ಮೇಜಿನ ಮೇಲಿನ ಕಾಯಿ ಅವರಿಗಾಗಿಯೇ. ಬಂದವರೇ ಕುಲುಕಿ ನೋಡುತ್ತಾರೆ. "ಈ ಸಲದ್ದು ಪರವಾಗಿಲ್ಲ. ಯಾರ ತೋಟದ್ದು?"

"ನಮ್ಮ ಮನೆಯದ್ದು ಆತ್ತಾ. ನನ್ನ ನೆನಪಿದೆಯಾ?"

ಪಾವಾತ್ತಾ ದಿಟ್ಟಿಸಿ ನೋಡುತ್ತಾರೆ. "ಮುಖ ನೆನಪಿದೆ. ಹೆಸರು ಹೋಯ್ತು. ಪಿಳ್ಳೈಯಾರ್ ಕಾಯಿ ಕದ್ದವಳಲ್ವಾ ನೀನು?"

ಎಂಟು ನಿಮಿಷ. ಯಂತ್ರ ಬಡಿಯುತ್ತದೆ. ಗಾಜಿನಾಚೆ ಎರಡು ಕಪ್ಪು ಕೈಗಳು ಎರಡು ಕಾಯಿಗಳನ್ನು ಹಿಡಿದು ಕಾಯುತ್ತಿವೆ. ತವಮಣಿ ಪರದೆ ನೋಡುತ್ತಿದ್ದಾರೆ. ಆಮೇಲೆ ಮೈಕಿನಲ್ಲಿ, "ಬಿಡಿ ಆತ್ತಾ" ಎನ್ನುತ್ತಾರೆ. ಒಳಗಿನಿಂದ ಗಟ್ಟಿಯಾಗಿ ಕೇಳಿಸುತ್ತದೆ: "ಲಾಭ!"

ಅಂಕಿ ಬರಲು ಹತ್ತೂವರೆಯಾಗುತ್ತದೆ. ಇಪ್ಪತ್ತು. ಇದ್ದದ್ದು ಇಪ್ಪತ್ತೆರಡು. ಡಾಕ್ಟರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿ, ಇಷ್ಟು ಇಳಿದರೆ ಗಾಬರಿ ಬೇಡ, ಇನ್ನೊಂದು ವರ್ಷ ಎಣಿಸಲಿ ಎನ್ನುತ್ತಾರೆ. ಕಾರಿಡಾರಿನಲ್ಲಿ ಪಾವಾತ್ತಾ ಆಗಲೇ ಮಗಳ ಮೇಲೆ ರೇಗುತ್ತಿದ್ದಾರೆ. "ಹನ್ನೊಂದಕ್ಕೆ ಲಾರಿ ಬರುತ್ತೆ, ಏಳೇ."

ನಿಮಗೆ ಆಸ್ಪತ್ರೆಯಿಂದ ಏನು ಬೇಕು ಎಂದು ತವಮಣಿಯವರನ್ನು ಕೇಳುತ್ತೇನೆ. ಬಹುಮಾನ, ಸನ್ಮಾನ, ಶಾಲು ಏನಾದರೂ ಹೇಳುತ್ತಾರೆಂದುಕೊಂಡಿದ್ದೆ. ಅವರು ವರದಿಯ ಖಾಲಿ ಫಾರಂ ಒಂದನ್ನು ನನ್ನ ಮುಂದಿಡುತ್ತಾರೆ. ರೋಗಿಯ ಹೆಸರು, ವಯಸ್ಸು, ಯಂತ್ರದ ಹೆಸರು, ಡಾಕ್ಟರ ಹೆಸರು, ಎಲ್ಲಕ್ಕೂ ಜಾಗವಿದೆ.

"ಇದರಲ್ಲಿ ಒಂದು ಮನೆ ಕಮ್ಮಿ ಇದೆ ಅಣ್ಣಾ. ರೋಗಿ ಅಲ್ಲಾಡಿದರೋ ಇಲ್ಲವೋ ಅಂತ ಬರೆಯೋಕೆ ಒಂದು ಚಿಕ್ಕ ಮನೆ. ಅದನ್ನ ನೋಡಿಕೊಂಡು ಡಾಕ್ಟರು ಅಂಕಿ ಓದಲಿ. ಅಷ್ಟು ಹಾಕಿಕೊಟ್ರೆ ಸಾಕು. ಎರಡು ವರ್ಷದಿಂದ ಕೇಳ್ತಿದೀನಿ, ಫಾರಂ ಚೆನ್ನೈಯಿಂದ ಅಚ್ಚಾಗಿ ಬರುತ್ತೆ, ಬದಲಾಯಿಸೋಕೆ ಬರಲ್ಲ ಅಂತಾರೆ."

ಅದಕ್ಕೆ ಅವರು ತಮ್ಮದೇ ಉಪಾಯ ಮಾಡಿಕೊಂಡಿದ್ದಾರೆ. ಪಾವಾತ್ತಾ ವರದಿಯನ್ನು ಲಕೋಟೆಗೆ ಹಾಕುವ ಮೊದಲು ಸ್ವೆಟರಿನ ಜೇಬಿನಿಂದ ನೀಲಿ ಪೆನ್ನು ತೆಗೆಯುತ್ತಾರೆ. ಡಾಕ್ಟರ ಸಹಿಗಿಂತ ಕೆಳಗೆ, ಅಚ್ಚಾದ ಗೆರೆಯ ಹೊರಗೆ, ಗುಂಡಗಿನ ಅಕ್ಷರದಲ್ಲಿ ಒಂದೇ ಮಾತು ಬರೆಯುತ್ತಾರೆ: ಅಲ್ಲಾಡಲಿಲ್ಲ. ಅದರ ಮುಂದೆ ತಮ್ಮ ಹೆಸರು. ಅದರಲ್ಲಿ ಒಂದಕ್ಷರವೂ ತಪ್ಪಿಲ್ಲ.